ಸತ್ತ ಸುದ್ದಿಯ ಡಾಕ್ಟರು

ಡಾ. ಅಮರೇಶ್ವರಿ ಐಸಿಯು ಬಾಗಿಲು ತೆರೆದು ಹೊರಗೆ ಬಂದರೆ ಸಾಕು, ನೆಲಕ್ಕೆ ಕೂತ ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ಆಕೆ ಕುಡಿಯುವ ನೀರಿಗೆ ಬಂದಿದ್ದರೂ ಅಷ್ಟೆ. ಹೀಗಾಗಿ ಸಿಂಧನೂರಿನ ಆ ಖಾಸಗಿ ಆಸ್ಪತ್ರೆಯಲ್ಲಿ ಆಕೆ ಆರು ವರ್ಷದಿಂದ ಬಾಟಲಿ ತುಂಬಿಕೊಂಡೇ ಒಳಗೆ ಹೋಗುತ್ತಿದ್ದಳು.

ತಪ್ಪು ಆಕೆಯ ಮುಖದ್ದಲ್ಲ, ಮಾಲೀಕ ಡಾ. ಕನಕರಾಯ ಮಾಡಿದ ಏರ್ಪಾಟಿನದು. ರೋಗಿ ಉಳಿದರೆ ಮನೆಯವರಿಗೆ ಹೇಳಲು ಡಾ. ಪವನ. ಸತ್ತರೆ ಅಮರೇಶ್ವರಿ. ಗಂಡಸು ಹೇಳಿದರೆ ಮಂದಿ ಅಂಗಿ ಹಿಡಿದು ಎಳೆಯುತ್ತಾರೆ, ಗಾಜು ಒಡೆಯುತ್ತಾರೆ; ಹೆಣ್ಣುಮಗಳ ಮೇಲೆ ಯಾರೂ ಕೈ ಎತ್ತುವುದಿಲ್ಲ. ಇದು ಕನಕರಾಯ ಕಂಡುಹಿಡಿದ ವೈದ್ಯಶಾಸ್ತ್ರ. ಒಮ್ಮೆ ಒಬ್ಬ ಕೈ ಎತ್ತಿಯೇಬಿಟ್ಟ. ಆಕೆಯ ಕನ್ನಡಕ ಒಡೆಯಿತು. ಮಾಲೀಕ ಹೊಸ ಕನ್ನಡಕ ಕೊಡಿಸಿದ. ಏರ್ಪಾಟು ಹಳೆಯದೇ ಉಳಿಯಿತು.

ಪವನ ಆಕೆಗಿಂತ ನಾಲ್ಕು ವರ್ಷ ಕಿರಿಯ. ಗಂಟಲಿಗೆ ಉಸಿರಿನ ಕೊಳವೆ ಇಳಿಸುವುದನ್ನು ಆಕೆಯ ಕೈ ನೋಡಿ ಕಲಿತವನು. ಉಳಿದವರ ಮನೆಯವರು ತರುವ ಮಾಲೆ, ಪೇಡೆ ಮಾತ್ರ ಅವನಿಗೆ.

ಭತ್ತಕ್ಕೆ ಕೀಟನಾಶಕದ ಎಣ್ಣೆ ಹೊಡೆಯುವಾಗ ವಿಷ ಏರಿ ಬಿದ್ದಿದ್ದ ತುರ್ವಿಹಾಳದ ಕೂಲಿ ಹುಲಿಗೇಶನನ್ನು ಐದು ದಿನ ಆಕೆಯೇ ಕಾಯ್ದಳು. ಆರನೆಯ ಮಧ್ಯಾಹ್ನ ಕೊಳವೆ ತೆಗೆದಾಗ ಅವನು ನೀರು ಕೇಳಿದ. ಪವನ ಲಿಂಗಸುಗೂರಿಗೆ ಮದುವೆ ಊಟಕ್ಕೆ ಹೋಗಿದ್ದ. ಅವನು ಬರುವ ತನಕ ಸುದ್ದಿ ಹಾಗೇ ಇರಲಿ ಎಂದು ಕನಕರಾಯ ಫೋನಿನಲ್ಲಿ ಹೇಳಿದ. ಅಮರೇಶ್ವರಿ ತಾನೇ ಹೊರಟಳು.

ಆಕೆಯನ್ನು ಕಂಡದ್ದೇ ತಡ, ಹುಲಿಗೇಶನ ತಾಯಿ ಗ್ಯಾನಮ್ಮ ನೆಲಕ್ಕುರುಳಿದಳು.

"ಯವ್ವಾ, ಅಳಬ್ಯಾಡ. ನಿನ್ನ ಮಗ ಉಳದಾನ."

ಗ್ಯಾನಮ್ಮ ನಂಬಲಿಲ್ಲ. ಗಂಡಸು ಡಾಕ್ಟರು ಬಂದು ಹೇಳಲಿ ಎಂದಳು. ಕೈಹಿಡಿದು ಒಳಗೆ ಕರೆದೊಯ್ದು, ಮಗನ ಎದೆಯ ಮೇಲೆ ಅವಳ ಕೈ ಇಡಿಸಬೇಕಾಯಿತು. ಎದೆ ಏರಿಳಿಯುತ್ತಿತ್ತು.

"ಮತ್ತ ನಿನ್ಯಾಕ ಕಳಿಸ್ಯಾರ ಡಾಕ್ಟರವ್ವ?" ಎಂದು ಕೇಳಿದಳು.

ಮರುತಿಂಗಳು ಐಸಿಯುಗೆ ಮುಖ್ಯಸ್ಥರನ್ನು ಆರಿಸಬೇಕಿತ್ತು. ಕನಕರಾಯ ಅಮರೇಶ್ವರಿಯನ್ನು ಕರೆದು ಚಹಾ ತರಿಸಿದ. ಇಂಥ ಚಹಾದ ಅರ್ಥ ಆಕೆಗೆ ಗೊತ್ತಿತ್ತು.

"ಕೆಲಸದಾಗ ನಿಮ್ಮನ್ನ ಮೀರಿಸೋರಿಲ್ಲ ಮೇಡಂ. ಆದ್ರ ನಿಮ್ಮ ಮುಖ ಕಂಡ್ರ ಮಂದಿ ಅಂಜತಾರ. ಮುಖ್ಯಸ್ಥರನ್ನ ನೋಡಿದ್ರ ಧೈರ್ಯ ಬರಬೇಕಲ್ರೀ."

ಪವನ ಮುಖ್ಯಸ್ಥನಾದ. ಧೈರ್ಯ ಕೊಡುವ ಅವನ ಮುಖವನ್ನು ಬ್ಯಾನರಿನಲ್ಲಿ ಹಿಗ್ಗಿಸಿ ಮಸ್ಕಿ ರಸ್ತೆಗೆ ಕಟ್ಟಿದರು.

ನಾಲ್ಕನೆಯ ದಿನ, ಮಸ್ಕಿಯಿಂದ ಬಂದಿದ್ದ ದುರುಗಪ್ಪ ಎಂಬ ಲಾರಿ ಡ್ರೈವರ್ ತೀರಿಕೊಂಡ. ಪವನ ಕೈಗವಸು ಬಿಚ್ಚುತ್ತ, ಹೊರಗೆ ಹೇಳಿ ಬರಲು ಅಮರೇಶ್ವರಿಗೆ ಸೂಚಿಸಿದ. ಆಕೆ ಪಕ್ಕದ ಹಾಸಿಗೆಯ ರೋಗಿಯ ನಾಡಿ ಬಿಡಲಿಲ್ಲ.

"ಮುಖ್ಯಸ್ಥರು ನೀವು. ನೀವ ಹೋಗ್ರಿ."

"ನನಗ ರೂಢಿ ಇಲ್ರೀ ಮೇಡಂ."

"ನಾನೇನು ಹುಟ್ಟತಾ ಕಲ್ತು ಬಂದಿದ್ದಿಲ್ಲ."

ಪವನ ನರ್ಸ್ ಮೈಮುನಾಬಿಯ ಕಡೆ ನೋಡಿದ. ಆಕೆ ಸತ್ತವನ ಕಣ್ಣು ಮುಚ್ಚುತ್ತಿದ್ದಳು.

"ನಮ್ಮನ್ನ ನೋಡಬ್ಯಾಡ್ರೀ ಸರ್. ಇನ್ಮುಂದ ಈ ಕೆಲಸಕ್ಕ ಹೆಣ್ಮಕ್ಕಳು ಯಾರೂ ಹೊರಗ ಹೋಗಂಗಿಲ್ಲ. ನಾವೆಲ್ಲಾ ಮಾತಾಡಿ ಆಗೇತಿ."

ಪವನ ಮಾಲೀಕನಿಗೆ ಫೋನ್ ಹಚ್ಚಿದ. ಫೋನ್ ಮೇಡಂಗೆ ಕೊಡು ಎಂದಿತು ಆ ಕಡೆಯ ದನಿ. ಅಮರೇಶ್ವರಿ ಕೈ ಚಾಚಲಿಲ್ಲ.

ಕೊನೆಗೆ ಪವನ ಬಾಗಿಲು ತೆರೆದ. ಅವನನ್ನು ಕಂಡದ್ದೇ ಮಸ್ಕಿಯವರೆಲ್ಲ ನಗುತ್ತ ಎದ್ದರು. ದುರುಗಪ್ಪನ ಹೆಂಡತಿ ಓಡಿಬಂದು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ಯಪ್ಪಾ, ನಿನ್ನ ಹೊಟ್ಟಿ ತಣ್ಣಗಿರ್ಲಿ."