ನೀಲಿ ದಾರ ಎಳೆದವರು

ಬೇಸಿಗೆಯಲ್ಲಿ ಹಸು ಬೆದೆಗೆ ಬಂದರೂ ಗೊತ್ತಾಗುವುದಿಲ್ಲ. ಕೂಗುವುದಿಲ್ಲ, ಇನ್ನೊಂದರ ಮೇಲೆ ಹಾರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುತ್ತಾ ನಿಂತಿರುತ್ತದೆ. ದೊಡ್ಡ ಸೊಸೆಯ ಕೆಂದಹಸು ಹೀಗೆಯೇ ಒಂದು ವರ್ಷದಿಂದ ಗಬ್ಬ ನಿಲ್ಲದೆ ಉಳಿದಿತ್ತು. ಕೊನೆಗೆ ದನದ ಡಾಕ್ಟರು ರಬ್ಬರಿನ ಸಣ್ಣ ಸಾಧನವೊಂದನ್ನು ಹಸುವಿನ ಒಳಗಿಟ್ಟರು. ಅದರ ನೀಲಿ ದಾರ ಬಾಲದ ಕೆಳಗೆ ಗೇಣುದ್ದ ಇಳಿಬಿದ್ದಿತ್ತು.

"ಇದ್ರಿಂದ ಹಾರ್ಮೋನು ದಿನಾ ಒಂಚೂರು ಮೈಗೆ ಸೇರುತ್ತೆ. ಏಳು ದಿನ ಆದ್ಮೇಲೆ ದಾರ ಹಿಡಿದು ತೆಗೆದು ಇಂಜೆಕ್ಷನ್ ಕೊಡ್ತೀನಿ. ಬೆದೆ ಕಾಣ್ಲಿ ಬಿಡ್ಲಿ, ಹೇಳಿದ ಹೊತ್ತಿಗೆ ಬಂದು ವೀರ್ಯ ಹಾಕ್ತೀನಿ."

ಒಂದೇ ಕೊಟ್ಟಿಗೆ. ಈ ಸಾಲು ದೊಡ್ಡ ಸೊಸೆಯದು, ಆ ಸಾಲು ಚಿಕ್ಕ ಸೊಸೆಯದು. ನಡುವೆ ಗಂಜಲದ ಕಾಲುವೆ. ಡಾಕ್ಟರು ಹೋದ ಮೇಲೆ ಚಿಕ್ಕವಳು ಮೂಗು ಮುರಿದಳು. "ಇಲ್ಲದ್ದೆಲ್ಲ ತುರುಕಿ ಹಸು ಮೈ ಕೆಡಿಸ್ತೀರ ಅಕ್ಕಾ. ಬಿಸಿಲು ಇಳೀಲಿ, ತಾನಾಗೇ ನಿಲ್ಲುತ್ತೆ."

ಮೂರನೆಯ ದಿನ ಸಾಧನ ಕಾಲುವೆಯಲ್ಲಿ ಬಿದ್ದಿತ್ತು. ತಾನಾಗಿ ಜಾರಿದ್ದರೆ ಲೋಳೆ ಅಂಟಿರಬೇಕಿತ್ತು. ಇದು ಯಾರೋ ಒರೆಸಿಟ್ಟ ಹಾಗೆ ಸ್ವಚ್ಛ. ದಾರವೂ ಜಗ್ಗಿ ಎಳೆಯೆಳೆಯಾಗಿತ್ತು.

ದೊಡ್ಡವಳು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ಇದು ಕಾಲು ಬಂದು ನಡ್ಕೊಂಡು ಹೋಯ್ತಾ?"

"ನನ್ನನ್ಯಾಕೆ ನೋಡ್ತೀರಾ?" ಎಂದಳು ಚಿಕ್ಕವಳು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಲಂತೆ."

ಚಿಕ್ಕವಳ ಮುಖ ಸುಟ್ಟ ಬದನೆಕಾಯಿಯಾಯಿತು. ಅಂದಿನಿಂದ ಮಾತು ನಿಂತಿತು. ದೊಡ್ಡವಳಿಗೆ ಅದೂ ಸಾಕ್ಷಿಯಾಗಿಯೇ ಕಂಡಿತು: ತಪ್ಪಿಲ್ಲದವಳು ಬಾಯಿಗೆ ಬಾಯಿ ಕೊಡುವುದಿಲ್ಲವೇ? ಚಿಕ್ಕವಳು ನೀರಿಡಲು ಬಂದರೆ ಅವಳ ಮೇಲೊಂದು ಕಣ್ಣು, ಸಗಣಿ ಬಾಚಿದರೆ ಕಣ್ಣು. ಗಂಡನ ಕಿವಿ ಕಚ್ಚಿದರೆ, "ಹಸು ಗಬ್ಬ ಆಗ್ದಿದ್ರೆ ಅವಳಿಗೇನು ಸಿಗುತ್ತೆ?" ಎಂದ. ದೊಡ್ಡವಳ ಅನುಮಾನ ಮಾತ್ರ ಹೋಗಲಿಲ್ಲ.

ಡಾಕ್ಟರು ಹೊಸ ಸಾಧನ ಇಟ್ಟರು. ಲೆಕ್ಕ ಮತ್ತೆ ಒಂದನೆಯ ದಿನದಿಂದ. ಮರುದಿನ ಮಧ್ಯಾಹ್ನ ಊಟ ಬಿಟ್ಟು ದೊಡ್ಡವಳು ಹಿಂಡಿ ಚೀಲಗಳ ಮರೆಯಲ್ಲಿ ಬಕೆಟ್ ಬೋರಲು ಹಾಕಿ ಕೂತಳು. ತಗಡಿನ ಸೂರು ಕಾದ ಹೆಂಚಾಗಿತ್ತು.

ಅರ್ಧ ಗಂಟೆಗೆ ಚಿಕ್ಕವಳು ಬಂದಳು. ಅತ್ತಿತ್ತ ನೋಡಿ ಕಾಲುವೆ ದಾಟಿ ನೇರ ಕೆಂದಹಸುವಿನ ಹಿಂದೆ ಹೋದಳು. ದೊಡ್ಡವಳು ಚೀಲದ ಮರೆಯಿಂದ ಇಣುಕಿದಳು. ಸಿಕ್ಕಿಬಿದ್ದೆಯಾ!

ಚಿಕ್ಕವಳು ಒದ್ದೆ ಗೋಣಿಚೀಲವೊಂದನ್ನು ಕೊಡವಿ ಹಸುವಿನ ಬೆನ್ನ ಮೇಲೆ ಹರಡಿದಳು. ಒಂದು ಚೊಂಬು ನೀರನ್ನು ಕತ್ತಿನ ಮೇಲೆ ಸುರಿದಳು. "ಸುಮ್ನಿರೇ ತಾಯಿ" ಎಂದು ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರಿ ಹೋದಳು.

ದೊಡ್ಡವಳು ಇನ್ನೂ ಮರೆಯಲ್ಲೇ ಇದ್ದಳು. ಆಗ ಪಕ್ಕದ ಗೂಟದ ಕಡಸು, ದೊಡ್ಡವಳೇ ಹಾಲು ಕುಡಿಸಿ ಸಾಕಿದ್ದು, ಕತ್ತು ಚಾಚಿ ನೀಲಿ ದಾರವನ್ನು ನೆಕ್ಕಿತು. ಬಾಯಿಗೆ ಹಾಕಿ ಮೆದ್ದಿತು. ಆಮೇಲೆ ತಲೆ ಹಿಂದಕ್ಕೆಳೆಯಿತು.

"ಏಯ್, ನಿನ್ ಮನೆ ಹಾಳಾಗ!"

ಕೂಗಿಗೆ ಚಿಕ್ಕವಳು ಓಡಿಬಂದಳು. ಕಡಸಿನ ಬಾಯಲ್ಲಿ ದಾರ, ದಾರದ ತುದಿಗೆ ನೆಕ್ಕಿ ನುಣುಪಾದ ಸಾಧನ. ಇಬ್ಬರೂ ಅದನ್ನೇ ನೋಡುತ್ತಾ ನಿಂತರು.

"ತಪ್ಪಾಯ್ತು ಕಣೇ," ಎಂದಳು ದೊಡ್ಡವಳು.

ಚಿಕ್ಕವಳಿಗೆ ನಗು ಬರಲಿಲ್ಲ. "ನಿಜ ಹೇಳ್ಲಾ ಅಕ್ಕಾ? ನೀವೇ ಕಿತ್ತು ನನ್ ತಲೆಗೆ ಕಟ್ತಿದ್ದೀರಿ, ನನ್ನನ್ನ ಕೊಟ್ಟಿಗೆಯಿಂದ ಓಡ್ಸೋಕೆ ಅಂದ್ಕೊಂಡಿದ್ದೆ. ನಿಮ್ ಮೈದುನನಿಗೂ ಹೇಳಿದ್ದೆ."

ಇಷ್ಟು ದಿನ ತನ್ನ ಮೇಲೂ ಒಂದು ಕಣ್ಣಿತ್ತೆಂದು ತಿಳಿದು ದೊಡ್ಡವಳಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಸಿಟ್ಟು ಮಾಡುವ ಮುಖ ಅವಳಿಗಿರಲಿಲ್ಲ.

"ಕಡಸುಗಳಿಗೆ ಇದೊಂದು ಆಟ, ನಾನೇ ಹೇಳ್ಬೇಕಿತ್ತು," ಎಂದು ಡಾಕ್ಟರು ಮತ್ತೊಂದು ಸಾಧನ ಇಟ್ಟು, ಈ ಸಲ ದಾರವನ್ನು ಬೆರಳಷ್ಟು ಉಳಿಸಿ ಕತ್ತರಿಸಿದರು. ಸೊಸೆಯರು ಕಡಸನ್ನು ದೂರ ಕಟ್ಟಿದರು. ಏಳು ದಿನ ಕಳೆಯಿತು, ಇಂಜೆಕ್ಷನ್ ಆಯಿತು, ಹೇಳಿದ ಹೊತ್ತಿಗೆ ವೀರ್ಯವೂ ಬಿತ್ತು. ಎರಡು ತಿಂಗಳಿಗೆ ಡಾಕ್ಟರು ತಪಾಸಣೆ ಮಾಡಿ "ನಿಂತಿದೆ" ಎಂದಾಗ ದೊಡ್ಡವಳು ಗಂಡನಿಗೂ ಮೊದಲು ಚಿಕ್ಕವಳಿಗೆ ಹೇಳಲು ಹೋದಳು.

ಚಿಕ್ಕವಳು ಹುಲ್ಲು ಕತ್ತರಿಸುತ್ತಿದ್ದಳು. ತಲೆಯೆತ್ತದೆ, "ಒಳ್ಳೇದಾಯ್ತು," ಎಂದಳು. ಆಮೇಲೆ ಕುಡುಗೋಲು ಕೆಳಗಿಟ್ಟು, "ಡಾಕ್ಟ್ರು ಹೋದ್ರಾ? ನಮ್ಮ ಸಾಲಿನ ಮೂಲೆ ಹಸುನೂ ಗಬ್ಬ ನಿಲ್ತಿಲ್ಲ, ಅದನ್ನೂ ಒಂದ್ಸಲ ನೋಡ್ಲಿ," ಎಂದಳು.