ಹೇಳದೆ ಉಳಿಸಿದ ಹೆಸರು

ಕ್ಲಿನಿಕ್ಕಿನ ಮೂಲೆಯ ಕೋಣೆಯಲ್ಲಿ ಹುಡುಗಿ ನೀರಿನ ಲೋಟವನ್ನು ಕುಡಿಯದೆ ಹಿಡಿದುಕೊಂಡೇ ಕೂತಿದ್ದಳು. ಹದಿನೈದರ ವಯಸ್ಸು. ಬಸಿರಿನ ಭಯದಿಂದ ಶಾಲೆ ಬಿಟ್ಟೊಡನೆ ಒಬ್ಬಳೇ ಬಂದಿದ್ದಳು. ಹಾಗೇನೂ ಇಲ್ಲವೆಂದು ತಿಳಿದ ಮೇಲೂ ಮುಖ ಅರಳಲಿಲ್ಲ.

"ಫ್ಯಾನ್ ಹಾಕ್ಲಾ?" ಎಂದರು ದೊಡ್ಡ ಸಿಸ್ಟರ್. "ತಿರುಗೋದಕ್ಕಿಂತ ಗೊಣಗೋದೇ ಜಾಸ್ತಿ, ನನ್ನ ಹಾಗೆ."

ಹುಡುಗಿ ನಕ್ಕಳು. ನಗುವಿನ ಬೆನ್ನಿಗೇ ಅಳು ಬಂತು, ಅಳುವಿನ ಜೊತೆ ಮಾತು. ಅಮ್ಮ ಗಿರಣಿಯ ಪಾಳಿಗೆ ಹೋಗುವುದರಿಂದ ಅವಳನ್ನು ದಿನಾ ಕಾರಿನಲ್ಲಿ ಶಾಲೆಗೆ ಬಿಡುವವನು ಚಿಕ್ಕಮ್ಮನ ಗಂಡ. ಅವನೇ.

ಸಿಸ್ಟರ್ ಲೋಟವನ್ನು ಮೆಲ್ಲಗೆ ತೆಗೆದಿಟ್ಟರು. "ನೋಡು ಮರಿ, ಇದನ್ನ ನಾನೊಬ್ಬಳೇ ಹೊಟ್ಟೇಲಿಟ್ಕೊಳ್ಳೋ ಹಾಗಿಲ್ಲ. ಮಕ್ಕಳ ರಕ್ಷಣೆ ಆಫೀಸಿಗೆ ಹೇಳ್ಲೇಬೇಕು."

"ಹೇಳಿ ಸಿಸ್ಟರ್. ಯಾರು ಅಂತ ಮಾತ್ರ ಬೇಡ. ಚಿಕ್ಕಮ್ಮ ಬಸುರಿ. ಭಾನುವಾರ ಅಮ್ಮಂಗೆ ನಾನೇ ಹೇಳ್ತೀನಿ, ಅಲ್ಲೀವರೆಗೂ ತಡೀರಿ."

ಗೊತ್ತಿರುವುದನ್ನೆಲ್ಲ ತಿಳಿಸಬೇಕೆಂಬುದು ನಿಯಮ. ಸಿಸ್ಟರ್ ಅದನ್ನು ಎಂದೂ ಮೀರಿದವರಲ್ಲ. ಆದರೆ ಆ ತಣ್ಣನೆಯ ಕೈ ತಮ್ಮ ಬೆರಳನ್ನು ಬಿಗಿಯಾಗಿ ಹಿಡಿದಿತ್ತು. ಭಾನುವಾರವೇನು ದೂರವಿಲ್ಲ ಎಂದುಕೊಂಡರು.

"ದೊಡ್ಡ ವಯಸ್ಸಿನ ಗಂಡಸು. ಯಾರೂಂತ ಗೊತ್ತಿಲ್ಲ," ಎಂದರು ಫೋನಿನಲ್ಲಿ.

ಕಚೇರಿಯ ಅಧಿಕಾರಿ ಎಳೆಯ ವಯಸ್ಸಿನವಳು, ಮನಸ್ಸು ಒಳ್ಳೆಯದು. "ನಿಮ್ಮ ದನಿ ಯಾಕೋ ಸೋತಿದೆ ಸಿಸ್ಟರ್, ಮೊದಲು ಊಟ ಮಾಡಿ. ಶಾಲೆಗೆ ನಾನು ಹೇಳ್ತೀನಿ, ಒಬ್ಬಳನ್ನೇ ಹೊರಗೆ ಬಿಡಬೇಡಿ, ಮನೆಯವರ ಕೈಗೇ ಒಪ್ಪಿಸಿ ಅಂತ."

ಮನೆಯವರೆಂದರೆ ಅಮ್ಮನೇ ತಾನೆ ಎಂದು ಸಿಸ್ಟರ್ ನಿರಾಳವಾದರು.

ಮರುದಿನ ಶಾಲೆ ಬಿಟ್ಟ ಮೇಲೆ ಹೆಡ್‌ಮಿಸ್ ಹುಡುಗಿಯನ್ನು ತಮ್ಮ ಕೋಣೆಯಲ್ಲೇ ಕೂರಿಸಿಕೊಂಡು, ತಮ್ಮ ಡಬ್ಬಿಯ ಬಿಸ್ಕತ್ತು ಕೊಟ್ಟು, ಅಮ್ಮನಿಗೆ ಫೋನು ಮಾಡಿದರು. ಗಿರಣಿಯವರು ಪಾಳಿ ಮುಗಿಯುವ ತನಕ ಕೆಲಸಗಾರರ ಫೋನುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಶಾಲೆಯಲ್ಲಿದ್ದ ಇನ್ನೊಂದು ನಂಬರು ಚಿಕ್ಕಪ್ಪನದು.

ಸಂಜೆ ಅಧಿಕಾರಿಯೇ ಸಿಸ್ಟರಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದಳು. "ಚಿಕ್ಕಪ್ಪ ಓಡಿ ಬಂದ್ರಂತೆ. ಯಾರೋ ಹಿಂದೆ ಬಿದ್ದಿದ್ದಾನೆ, ಹುಷಾರು ಅಂತ ಹೆಡ್‌ಮಿಸ್ ಎಲ್ಲಾ ಬಿಡಿಸಿ ಹೇಳಿದಾರೆ. ಪಾಪ, ನಾನೇ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ ಅಂದ್ರಂತೆ."

ಸಿಸ್ಟರ್ ಅವಳ ಮಾತು ತಡೆದರು. "ಅವನೇ ಕಣಮ್ಮ ಅದು."

"ಗೊತ್ತಿಲ್ಲ ಅಂದಿದ್ರಲ್ಲ ಸಿಸ್ಟರ್?"

ಅಧಿಕಾರಿ ಪೊಲೀಸರೊಂದಿಗೆ ಆಗಲೇ ಹೊರಟಳು. ಹುಡುಗಿಯ ಮನೆಯಲ್ಲಿ ಅಧಿಕಾರಿಗೆ ಕುರ್ಚಿ ತಂದುಕೊಟ್ಟವನೇ ಅವನು. ಹುಡುಗಿ ಚಿಕ್ಕಮ್ಮನ ಪಕ್ಕ ತಲೆ ತಗ್ಗಿಸಿ ಕೂತು, ತಾನು ಹೇಳಿದ್ದೆಲ್ಲ ಸುಳ್ಳು ಎಂದಳು. ಅವಳಮ್ಮ ಉರಿದುಬಿದ್ದಳು: "ಗೊತ್ತಿಲ್ಲ ಅಂತ ಒಂದ್ಸಲ, ಇವರೇ ಅಂತ ಇನ್ನೊಂದ್ಸಲ! ನಿಮ್ಮ ಸಿಸ್ಟರಿಗೇನು ತಲೆ ಕೆಟ್ಟಿದ್ಯಾ? ನನ್ನ ತಂಗಿ ಬಾಳು ಹಾಳ್ಮಾಡ್ಬೇಕಾ?" ಹುಡುಗಿಯ ಹೇಳಿಕೆಯಿಲ್ಲದೆ ಅಧಿಕಾರಿಯೂ ಪೊಲೀಸರೂ ಬರಿಗೈಲಿ ಹಿಂದಿರುಗಿದರು.

ಸೋಮವಾರ ಸಿಸ್ಟರ್ ಶಾಲೆಯ ಗೇಟಿನ ಬಳಿ ಕಾದರು. ಕಾರು ನಿಂತಿತು, ಹುಡುಗಿ ಇಳಿದಳು.

"ಮರಿ, ನಿನ್ನಾಣೆ, ಮೊದಲು ನಾನು ಹೆಸರು ಹೇಳಿರ್ಲಿಲ್ಲ."

"ಗೊತ್ತು," ಎಂದಳು ಹುಡುಗಿ. ಕೋಪವೂ ಇಲ್ಲದ ದನಿ. "ನೀವು ಇಲ್ಲಿ ಬರ್ಬೇಡಿ ಸಿಸ್ಟರ್. ಸಂಜೆ ಅದಕ್ಕೂ ನಾನೇ ಉತ್ತರ ಕೊಡ್ಬೇಕು."

ಅವಳು ಗೇಟು ದಾಟಿ ಒಳಗೆ ಹೋಗುವ ತನಕ ಕಾರು ಕದಲಲಿಲ್ಲ.