ಸುಬ್ಬಮ್ಮನ ಬಸಳೆ

ತೋಡಾರಿನ ಶಶಿಪ್ರಭಾಳಿಗೆ ಪಕ್ಕದ ಮನೆಯ ಸುಬ್ಬಮ್ಮ ಕೊಡುವ ಬಸಳೆ ಇಷ್ಟ. ಅದರ ಜೊತೆಗೆ ಬರುವ ಮಾತು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. “ಗೊಬ್ಬರ ಗಿಬ್ಬರ ಏನೂ ಇಲ್ಲ. ಎಲ್ಲ ನನ್ನ ಕೈಗುಣ,” ಎಂದು ಸುಬ್ಬಮ್ಮ ಪ್ರತಿ ಕಟ್ಟಿನೊಂದಿಗೂ ಹೇಳುತ್ತಿದ್ದರು. ಶಶಿಪ್ರಭಾ ನೆಟ್ಟ ಬಸಳೆ ಮೊಣಕಾಲೆತ್ತರಕ್ಕೂ ಬಂದದ್ದಿಲ್ಲ.

ಈ ಬೇಸಿಗೆಯಲ್ಲಿ ಆ ಕೈಗುಣಕ್ಕೂ ಏನೋ ಆಗಿ ಸುಬ್ಬಮ್ಮನ ಬಸಳೆ ಚಪ್ಪರ ಬಾಡತೊಡಗಿತು. ಅದೇ ಹೊತ್ತಿಗೆ ಶಶಿಪ್ರಭಾಳ ಬಚ್ಚಲಲ್ಲಿ ನೀರು ಕಟ್ಟಿ ನಿಂತಿತು. ಮಾವ ಕಟ್ಟಿಸಿದ ಮನೆ, ಮಣ್ಣಿನ ಪೈಪು. ಅದು ಎಲ್ಲಿಗೆ ಹೋಗುತ್ತದೆಂದು ಬಲ್ಲವರು ಯಾರೂ ಉಳಿದಿರಲಿಲ್ಲ. ನೆಲ ಅಗೆಸಲು ಮನಸ್ಸಾಗದೆ, ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಶೋಧನ್‌ನನ್ನು ಮೆಲ್ಕಾರಿನಿಂದ ಕರೆಸಿದಳು.

ಅವನು ಮೊದಲು ಉದ್ದನೆಯ ಕಬ್ಬಿಣದ ಸರಿಗೆ ತೂರಿಸಿ ತೆಂಗಿನ ನಾರಿನ ಮುದ್ದೆಯೊಂದನ್ನು ಎಳೆದು ತೆಗೆದ. ನೀರು ಗುಳುಗುಳು ಇಳಿಯಿತು. ಬಳಿಕ ಕ್ಯಾಮೆರಾ ಇಳಿಸಿದ. ಪರದೆಯಲ್ಲಿ ಕತ್ತಲೆ, ಪಾಚಿ, ಒಂದು ಜಿರಳೆ, ಮತ್ತೆ ಕತ್ತಲೆ. ಕೊನೆಗೆ ಹುಲ್ಲಿನ ಮರೆಯಿಂದ ಬೆಳಕು. ಬೆಳಕಿನಲ್ಲಿ, ಬಸಳೆಯ ಬುಡಕ್ಕೆ ಮಣ್ಣು ಏರಿಸುತ್ತಿದ್ದ ಸುಬ್ಬಮ್ಮನ ಹಸಿರು ಬಳೆಯ ಎರಡು ಕೈ.

“ನಿಮ್ಮ ಬಚ್ಚಲ ನೀರು ಅವರ ಬಸಳೆಗೆ ಹೋಗುವುದು ಮಾರಾಯ್ರೆ. ಹೋಗಿ ಹೇಳುವನಾ?” ಎಂದ ಶೋಧನ್.

ಹೇಳಬೇಕೆಂದು ಶಶಿಪ್ರಭಾಳ ನಾಲಿಗೆ ತುರಿಸಿತು. “ಬೇಡ. ಹೇಳಿದರೆ ನಾಳೆಯೇ ಬಳ್ಳಿ ಕಿತ್ತು ಬಿಸಾಡ್ತಾರೆ,” ಎಂದಳು.

ತಿಂಗಳೊಳಗೆ ಚಪ್ಪರ ಮತ್ತೆ ಚಿಗುರಿತು. ಸುಬ್ಬಮ್ಮ ಪಾಗಾರದ ಮೇಲಿಂದ ಕಟ್ಟು ಚಾಚಿ, “ನೋಡು, ಕೈಗುಣ ಎಲ್ಲಿಗೂ ಹೋಗುವುದಿಲ್ಲ,” ಎಂದರು.

“ಎಲ್ಲಿಗೂ ಹೋಗಲಿಕ್ಕಿಲ್ಲ,” ಎಂದಳು ಶಶಿಪ್ರಭಾ. ಆ ಸಂಜೆ ಸ್ನಾನಕ್ಕೆ ಒಂದು ಕೊಡಪಾನ ನೀರು ಹೆಚ್ಚೇ ಸುರಿದುಕೊಂಡಳು.